ಬೀಗದ ಕೈ ಯಾರ ಕೈಲಿ

ಮಾರ್ಚ್ 3
ಬೆಳಗ್ಗೆಯಿಂದ ಫೋನೋ ಫೋನು. ಟಿಲ್ಲರಿ ಕೌಂಟಿ ಜೈಲಿನ ಗಾರ್ಡುಗಳದ್ದೆಲ್ಲ ಒಂದೇ ಗೋಳು — ಬದಲಿಯವರು ಬರುವುದಿಲ್ಲ, ಪಾಳಿಯ ಮೇಲೆ ಪಾಳಿ. ಹನ್ನೊಂದು ವರ್ಷ ಯೂನಿಯನ್ ಅಧ್ಯಕ್ಷೆಯಾಗಿ ಇದನ್ನೇ ಕೇಳುತ್ತಿದ್ದೇನೆ. ಈಗ ನಮ್ಮ ಗಾರ್ಡು ಮಿಲಾಗ್ರೋಸ್. ಮಗುವಿಗೆ ಫಿಟ್ಸ್ ಎಂದು ಪಾಳಿಯ ನಡುವೆ ಕೈದಿಗಳ ಬ್ಲಾಕ್ ಬಿಟ್ಟು ಓಡಿದಳು. ಕೆಲಸದಿಂದ ಕಿತ್ತುಹಾಕಲು ವಿಚಾರಣೆಯಂತೆ.
ಓಡುವ ಮೊದಲು ನನಗೆ ಫೋನ್ ಮಾಡಿದ್ದಳು. ಪಾಳಿ ಹಂಚುವ ಕ್ಯಾಪ್ಟನ್ ಹ್ಯಾಗರ್ಟಿ ಪಕ್ಕದಲ್ಲೇ ನಿಂತು ಅವಳಿಗೆ ಅಂದದ್ದು ಫೋನಿನಲ್ಲಿ ನನ್ನ ಕಿವಿಗೇ ಬಿತ್ತು: "ಮಗು ಸತ್ತಮೇಲೆ ಹೇಳು, ರಜೆ ಕೊಡ್ತೀನಿ." ಥೂ.

ಮಾರ್ಚ್ 6
ಜೈಲಿನ ಡೈರೆಕ್ಟರ್ ಕರೆಸಿದರು. ಕಾಫಿ, ಡೋನಟ್.
"ಒಡೆಸ್ಸಾ, ಆ ಹುಡುಗಿ ವಿಷ್ಯ ಬಿಟ್ಬಿಡಿ. ನಿಮ್ಮ ಯೂನಿಯನ್ ಸಂಬಳದ ಒಪ್ಪಂದಕ್ಕೆ ನಾಳೆನೇ ಸಹಿ."
ಡೋನಟ್ ತಿಂದೆ. ಎದ್ದು ಬಂದೆ.
ಉಪಾಧ್ಯಕ್ಷ ಸ್ಕಾರ್ಪಾಟಿ ಕೆಂಡವಾದ. "ಒಬ್ಬಳಿಗೋಸ್ಕರ ಎಲ್ಲರ ಹೊಟ್ಟೆ ಮೇಲೆ ಹೊಡೀತೀಯಾ?"
"ಇವತ್ತು ಅವಳು, ನಾಳೆ ನೀನು ಕಣೋ!"

ಮಾರ್ಚ್ 28
ಯೂನಿಯನ್ನಿನವರೇ ಓಟು ಹಾಕಿ ನನ್ನನ್ನು ಇಳಿಸಿದರು. ಸ್ಕಾರ್ಪಾಟಿ ಅಧ್ಯಕ್ಷ, ನಾನು ಮತ್ತೆ ಗಾರ್ಡು. ಅಳು ಬಂತು, ಸಿಟ್ಟಿಗೆ. ಹಳೇ ಯೂನಿಫಾರ್ಮಿನ ಗುಂಡಿ ಹೊಟ್ಟೆಯ ಹತ್ತಿರ ಹತ್ತುತ್ತಿಲ್ಲ. ಪಿನ್ನು ಚುಚ್ಚಿದೆ.
ಮಿಲಾಗ್ರೋಸ್ ಪರ ಸಾಕ್ಷಿ ಹೇಳಲು ಕುರ್ಚಿ ಯಾಕೆ ಬೇಕು?

ಏಪ್ರಿಲ್ 10, ಬೆಳಗ್ಗೆ
ಹತ್ತಕ್ಕೆ ಮಿಲಾಗ್ರೋಸ್ ವಿಚಾರಣೆ. ರಾತ್ರಿ ಪಾಳಿ ಮುಗಿಸಿ ಹೊರಡಬೇಕು, ಹ್ಯಾಗರ್ಟಿ ಫೋನ್. "ಇನ್ನೊಂದು ಪಾಳಿ, ಮಾಜಿ ಅಧ್ಯಕ್ಷರೇ. ಬದಲಿ ಇಲ್ಲ." ನಕ್ಕ, ಬಡ್ಡೀಮಗ. ಬಿಟ್ಟು ಹೋದರೆ ನನ್ನ ಮೇಲೂ ಮಿಲಾಗ್ರೋಸ್ ಮೇಲಿನ ಆರೋಪವೇ. ಹೋಗದಿದ್ದರೆ ಅವಳ ಪರ ಹೇಳುವವರು ಯಾರೂ ಇಲ್ಲ.
"ಸಾರ್, ಬ್ಲಾಕಿನ ಬೀಗ ಕಚ್ಕೊಂಡಿದೆ. ಬೇಗ ಬನ್ನಿ" ಅಂದೆ.
ಏದುಸಿರು ಬಿಡುತ್ತ ಬಂದ. ಬೀಗದ ಕೈ ಗೊಂಚಲು ಅವನ ಕೈಗಿಟ್ಟೆ. ತಿರುಗಿಸಿದ. ಸಲೀಸಾಗಿ ತೆರೆಯಿತು.
"ಏನಾಗಿದೆ ಇದಕ್ಕೆ?"
"ಏನೂ ಆಗಿಲ್ಲ ಸಾರ್. ಬೀಗದ ಕೈ ಯಾರ ಕೈಲಿದ್ಯೋ ಡ್ಯೂಟಿ ಅವರದ್ದು. ಟ್ರೈನಿಂಗಲ್ಲಿ ನೀವೇ ಕಲಿಸಿದ್ದು. ಬರ್ಲಾ?"
"ಏಯ್! ನಿಲ್ಲೇ!"
ನಿಲ್ಲಲಿಲ್ಲ. ಹಿಂದಿನಿಂದ ಕೈದಿಗಳ ಕೇಕೆ: "ಕ್ಯಾಪ್ಟನ್ ಸಾಹೇಬ್ರೇ, ತಿಂಡಿ ಎಷ್ಟೊತ್ತಿಗೆ?"

ಅದೇ ದಿನ, ವಿಚಾರಣೆ ಕೋಣೆಯ ಹೊರಗೆ
ಮಿಲಾಗ್ರೋಸ್ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಾಳೆ. ಬರೆಯಲೂ ಬಿಡುತ್ತಿಲ್ಲ. "ಅಕ್ಕಾ, ನಿಮ್ಮ ಕೆಲ್ಸನೂ ಹೋಗತ್ತೆ."
ಹೋಗಲಿ. ಮಗುವಿನ ಬಗ್ಗೆ ಹ್ಯಾಗರ್ಟಿ ಹೇಳಿದ್ದನ್ನು ಅವನು ಹೇಳಿದ ಹಾಗೇ ಹೇಳುತ್ತೇನೆ, ಒಂದಕ್ಷರ ಬಿಡದೆ. ಆಮೇಲೆ ಏನು ಕಿತ್ತುಕೊಳ್ಳುತ್ತಾರೋ ಕಿತ್ತುಕೊಳ್ಳಲಿ.
ಒಳಗೆ ನನ್ನ ಹೆಸರು ಕೂಗುತ್ತಿದ್ದಾರೆ. ಬಂದೆ ಕಣ್ರಪ್ಪ, ಬಂ—