‘ಆತೇನು’ ಅಂತ ಕೇಳಬೇಡಿ

ಅತ್ತೆಯವರೇ,

ನೀವು ಮಠದಿಂದ ಬರುವಷ್ಟರಲ್ಲಿ ನಾವು ಮನೆಯಲ್ಲಿರುವುದಿಲ್ಲ. ಪಮ್ಮಿಯನ್ನು ದವಾಖಾನೆಗೆ ಒಯ್ಯುತ್ತಿದ್ದೇವೆ.

ತಾರ್ನಾಕದಲ್ಲಿರುವ ನಮ್ಮ ಕಡೆಯ ವೈದ್ಯರು ಹೊಟ್ಟೆ ಒತ್ತಿ ನೋಡಿ, “ಎಂಟು ದಿನದಿಂದ ಕೂಸಿಗೆ ಹೊರಕಡಿ ಆಗಿಲ್ಲರಿ. ಹೊಟ್ಟಿ ಕಲ್ಲಾಗೇತಿ. ಇನ್ನ ನನ್ನ ಔಷಧ ನಡಿಯೂದಿಲ್ಲ, ದವಾಖಾನಿಗೆ ಒಯ್ರಿ” ಅಂದರು. ಮೊದಲೇ ತೋರಿಸಿದ್ದರೆ ನೆನೆಸಿದ ಒಣದ್ರಾಕ್ಷಿ, ಬಿಸಿಹಾಲಿಗೆ ಒಂದು ಚಮಚ ತುಪ್ಪ, ಇಷ್ಟೇ ಸಾಕಿತ್ತಂತೆ.

ದಿನಾ ಮುಂಜಾನೆ ನೀವು “ಆತೇನು?” ಅಂತ ಕೇಳುತ್ತಿದ್ದಿರಿ. ಅವಳು “ಆತು” ಅನ್ನುತ್ತಿದ್ದಳು. ಇಲ್ಲ ಅಂದರೆ ಮೂಗು ಹಿಡಿದು ಔಡಲೆಣ್ಣೆ ಕುಡಿಸುತ್ತೇವೆಂದು ಹೆದರಿ ಸುಳ್ಳು ಹೇಳಿದ್ದಾಳೆ. ನಿಮ್ಮೊಬ್ಬರನ್ನೇ ಅನ್ನುವುದಿಲ್ಲ. ಕೈಕಾಲು ಹಿಡಿಯುತ್ತಿದ್ದವಳು ನಾನೇ.

ಎಣ್ಣೆಯ ಬಾಟಲಿ ಬಚ್ಚಲಿಗೆ ಸುರಿದಿದ್ದೇನೆ, ಹುಡುಕಬೇಡಿ. ಹಾಲು ಕಾಸಿಡಿ. ತಂತಿಯ ಮೇಲೆ ಅವಳ ಹಳದಿ ಫ್ರಾಕು ಒಣಗಿದೆ, ದವಾಖಾನೆಗೆ ಬರುವಾಗ ತನ್ನಿ. ಅಲ್ಲಿಗೆ ಬಂದು ಏನು ಬೇಕಾದರೂ ಮಾತಾಡಿಸಿ, ಆ ಒಂದು ಮಾತು ಮಾತ್ರ ಕೇಳಬೇಡಿ.

ನಿಮ್ಮ ಮಗ ಅವಳನ್ನು ಬಾಗಿಲಲ್ಲಿ ನಿಂತ ಆಟೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದಾರೆ. ಯಾರೂ ಕೇಳದಿದ್ದರೂ “ಆತು, ಆತು” ಅನ್ನುತ್ತಿದ್ದಾಳೆ.

ಶಾಮಲಾ