ಚೀಲದ ಮೇಲಿನ ಕಾಲು

ಸ್ಯಾಂಟೊ ಡೊಮಿಂಗೊ, ಶುಕ್ರವಾರ

ಪ್ರೀತಿಯ ಅಮ್ಮನಿಗೆ,

ಭಾನುವಾರ ನನ್ನ ಕೊನೆಯ ಬೇಸ್‌ಬಾಲ್ ಪಂದ್ಯ. ಆಟ ಶುರುವಾಗುವ ಮುನ್ನ ಗೌರವಕ್ಕೆಂದು ಎಸೆಯುವ ಮೊದಲ ಚೆಂಡನ್ನು ನೀನೇ ನನಗೆ ಎಸೆಯಬೇಕೆಂದು ಹೇಳಿಕಳಿಸಿದರೆ, "ನಂಗೆ ನೆಟ್ಟಗೆ ಎಸಿಯೋಕೆ ಬರಲ್ಲ, ಜನ ನಗ್ತಾರೆ" ಅಂದೆಯಂತೆ. ನನಗೆ ಗೊತ್ತಿಲ್ಲವೇ? ಲಾರಿಯ ಮೇಲೆ ನಿಂತು ನೀನು ಕೆಳಗೆಸೆದ ಕಿತ್ತಳೆಗಳಲ್ಲಿ ಒಂದಾದರೂ ನೇರವಾಗಿ ನನ್ನ ಕೈಗೆ ಬಂದದ್ದುಂಟೇ? ಮೇಲೆ ಬೈಗುಳ ಬೇರೆ: "ಲೋ ಎಲಿಜಿಯೊ, ಚೀಲದ ಮೇಲಿಂದ ಕಾಲು ತೆಗೆದ್ಯೋ ಜೋಕೆ, ಹಣ್ಣೆಲ್ಲ ಉರುಳಿಹೋಗ್ತವೆ!"

ಹದಿನೇಳು ವರ್ಷ ಫಸ್ಟ್ ಬೇಸ್‌ನಲ್ಲಿ ನಾನು ಮಾಡಿದ್ದೂ ಅಷ್ಟೇ. ಬೇಸ್ ಅಂತ ನೆಲದಲ್ಲಿ ಕೂರಿಸಿದ ಪುಟ್ಟ ಚೀಲದ ಮೇಲೆ ಒಂದು ಕಾಲಿಟ್ಟು, ಓಡಿಬರುವವನನ್ನು ಔಟ್ ಮಾಡಲು ಜೊತೆಯವರ ಅಡ್ಡಾದಿಡ್ಡಿ ಎಸೆತಕ್ಕೆ ಕೈ ಚಾಚಿದೆ. ಅದಕ್ಕೇ ಊರೆಲ್ಲ ಚಪ್ಪಾಳೆ ತಟ್ಟಿತು.

ಬರುವಾಗ ಕರಿದ ಬಾಳೆಕಾಯಿ ತಾ. ಅಭ್ಯಾಸ ಮಾತ್ರ ಮಾಡಬೇಡ. ಎತ್ತ ಬೇಕಾದರೂ ಎಸೆ; ನನ್ನ ಕಾಲು ಚೀಲದ ಮೇಲೇ ಇರುತ್ತದೆ.

ನಿನ್ನ ಮಗ
ಎಲಿಜಿಯೊ