ಪಾಠಕ್ಕೆ ಒಂದು ತೋಳು ಬೇಕಾಗಿದೆ, ಅಕ್ಕ

ಅಕ್ಕಾ,

ನೀನು ಹೋದ ಮೇಲೆ ನಮ್ಮ ಭಾನುವಾರದ ಪಾಠ ಇವತ್ತೋ ನಾಳೆಯೋ ಎಂಬಂತಿದೆ. ಬೈಯುವುದಿದ್ದರೆ ಮೊದಲು ಬೈದುಬಿಡು, ಆಮೇಲೆ ಓದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯಿಂದ ಬಸ್ಸು ಹತ್ತಿ ಬರುತ್ತಿದ್ದ ಮೂವರು ಫಿಸಿಯೋಥೆರಪಿ ಹುಡುಗಿಯರು ಕೊಟ್ಟೂರಿನ ನನ್ನ ಕ್ಲಿನಿಕ್ಕಿನಲ್ಲಿ ಖಾಲಿ ಮಂಚ ನೋಡಿ, ಚಹಾ ಕುಡಿದು ಹೋಗುತ್ತಿದ್ದರು. ಈಗ ಬರುವವರು ಇಬ್ಬರೇ. ಕ್ಯಾನ್ಸರ್ ಆಪರೇಷನ್ ಆದವರ ತೋಳನ್ನು ಮತ್ತೆ ದಾರಿಗೆ ತರುವುದನ್ನು ಗೋಡೆಯ ಚಿತ್ರ ತೋರಿಸಿ ಕಲಿಸಲಾದೀತೇ?

ಎದೆಯ ಗಡ್ಡೆ ತೆಗೆಸಿಕೊಂಡು ನೀನು ಮನೆಗೆ ಬಂದ ದಿನ ನೆನಪಿದೆಯಾ? "ತೋಳು ಅಲ್ಲಾಡಿಸಬ್ಯಾಡ, ಹೊಲಿಗಿ ಬಿಚ್ಚತಾವ" ಎಂದರು ಎಲ್ಲರೂ. ನೀನು ಅಲ್ಲಾಡಿಸಲಿಲ್ಲ. ತೋಳು ಬಿಗಿಯಿತು, ಊದಿತು, ಕುಬಸದ ಹೊಲಿಗೆ ಬಿಚ್ಚಿದರೂ ಹಿಡಿಸದಾಯಿತು. ಫಿಸಿಯೋಥೆರಪಿ ಓದಿ ಬಂದ ನನಗಾದರೂ ಏನು ಗೊತ್ತಿತ್ತು? ನಾನು ಓದಿದ ಪುಸ್ತಕಗಳಲ್ಲಿ ಕ್ಯಾನ್ಸರ್ ಎಂಬ ಮಾತು ಬರುತ್ತಿದ್ದುದು ಏನು ಮಾಡಬಾರದು ಎಂಬಲ್ಲಿ ಮಾತ್ರ. ಶಾಖ ಬೇಡ, ಮಸಾಜ್ ಬೇಡ, ಕರೆಂಟ್ ಬೇಡ. ಹಾಗಾದರೆ ಏನು ಬೇಕು? ಅದನ್ನು ಕಲಿಯಲೆಂದೇ ಬೆಂಗಳೂರಿಗೆ ಹೋಗಿ ಬಂದೆ. ನನ್ನ ಮೊದಲ ಪೇಷಂಟ್ ನೀನು. ಆಮೇಲೆ ಈ ಹುಡುಗಿಯರಿಗೂ ನೀನೇ.

ಹರಪನಹಳ್ಳಿ ಹುಡುಗಿ ಮೊದಲ ದಿನ ನಿನ್ನೆದುರು ಬೆವತು ನಿಂತದ್ದು ನೆನೆದರೆ ಈಗಲೂ ನಗು ಬರುತ್ತದೆ. ಊದಿದ ಕೈಗೆ ಬಳೆ ಬಿಗಿಯಬಾರದು, ತೆಗೆಸಬೇಕು. ಆದರೆ ಮುತ್ತೈದೆಗೆ ಬಳೆ ತೆಗಿ ಅನ್ನಲು ಅವಳಿಗೆ ನಾಲಿಗೆ ಏಳಲೊಲ್ಲದು. "ಅದು ಅಪಶಕುನ ಅಲ್ಲೇನ್ರಿ ಮೇಡಂ?" ಎಂದು ನನ್ನ ಕಿವಿಯಲ್ಲಿ ಉಸುರಿದಳು. ನಿನಗದು ಕೇಳಿಸಿತು. ಸೋಪು ಹಚ್ಚಿ, ಬಳೆಗಳನ್ನೆಲ್ಲ ಜಾರಿಸಿ ಇನ್ನೊಂದು ಕೈಗೆ ಏರಿಸಿಕೊಂಡು, "ನೋಡವಾ, ಲೆಕ್ಕ ಸರಿ ಐತಿ. ನಮ್ಮ ಮನಿಯವ್ರಿಗೆ ಏನೂ ಆಗಂಗಿಲ್ಲ" ಅಂದೆ. ಬಾಗಿಲಲ್ಲಿ ನಿಂತಿದ್ದ ಭಾವ ಪೆಚ್ಚಾಗಿ ನಕ್ಕರು. ಕೂಡ್ಲಿಗಿ ಹುಡುಗಿ ಜೋರಾಗಿ ಒತ್ತಿದಾಗ, "ಹಗೂರಕ! ರೊಟ್ಟಿ ಹಿಟ್ಟು ನಾದಾಕ ಬಂದೀಯೇನ?" ಎಂದು ಗದರಿಸಿದೆ. ಹಗುರ ಕೈ ಎಂದರೇನೆಂದು ಅವಳಿಗೆ ತಿಳಿದದ್ದು ಅವತ್ತೇ.

ಬೇನೆ ತಿರುಗಿ ಬಂದು ನೀನು... ಬೇಡ, ಅದನ್ನು ಬರೆಯಲಾರೆ.

ಹೋದ ತಿಂಗಳು ಪಾಠಕ್ಕೆ ಪೇಷಂಟ್ ಹುಡುಕಿಕೊಂಡು ಹಂಪಸಾಗರದಲ್ಲಿ ಒಬ್ಬರ ಮನೆಗೆ ಹೋಗಿದ್ದೆ. ಸೊಸೆ ಬಾಗಿಲಲ್ಲೇ ತಡೆದಳು. "ನಮ್ಮತ್ತಿಗೆ ಆ ಬ್ಯಾನಿ ಅಲ್ಲರಿ, ಬರೇ ಗಂಟು. ಊರಾಗ ಹೇಳಬ್ಯಾಡ್ರಿ, ಮನ್ಯಾಗ ಮದಿವಿಗೆ ಬಂದ ಹುಡುಗಿ ಅದಾಳ." ಒಳಗೆ ಆ ಅತ್ತೆ ಊದಿದ ಕೈಯನ್ನು ಸೆರಗಿನಡಿ ಮುಚ್ಚಿಕೊಂಡು ಕೂತಿದ್ದರು. ಕೈ ಮುಗಿದೆ, ಕಾಲು ಹಿಡಿಯುವುದೊಂದೇ ಬಾಕಿ; ಒಪ್ಪಲಿಲ್ಲ. ಮನೆಗೆ ಬಂದರೆ ಹಡಗಲಿ ಹುಡುಗಿ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಳು: "ಮುಟ್ಟಿದ್ರ ಅಂಟ್ಕೋತೈತಂತ್ರಿ ಮೇಡಂ, ನಮ್ಮತ್ತಿ ಕಳಸವಲ್ರು." ಉಳಿದಿಬ್ಬರು ಎಷ್ಟು ದಿನ ಬಂದಾರು? ಅವರೂ ಬಿಟ್ಟರೆ ಈ ಕಡೆಯ ಹೆಂಗಸರ ತೋಳುಗಳು ಹೀಗೇ ಸೆರಗಿನಡಿ ಮರಗಟ್ಟುತ್ತವೆ. ನಾನು ಯಾರ ಬಾಗಿಲು ಬಡಿಯಲಿ, ಅಕ್ಕ?

ಕಳೆದ ಭಾನುವಾರ ಇಬ್ಬರಿಗೂ ಹೇಳಿದೆ. "ಒಂದೀಟು ತಡೀರಿ. ಪೇಷಂಟ್ ಸಿಕ್ಕಾರ, ಆಪರೇಷನ್ ಮಾಡಿಸ್ಕೊಂಡು ಬರ್ತಾರ."

ಕೂಡ್ಲಿಗಿ ಹುಡುಗಿಯ ಮುಖ ಅರಳಿತು. "ಯಾವೂರವ್ರರಿ ಮೇಡಂ?"

"ಇಲ್ಲೇ, ಕೊಟ್ಟೂರವ್ರು."

"ತೋಳು ಮುಟ್ಟಾಕ ಬಿಡ್ತಾರೇನ್ರಿ?"

"ಬಿಡ್ತಾರ" ಅಂದೆ.

ಅದು ನಾನೇ, ಅಕ್ಕ. ಬಲಗಡೆ ಎದೆಯಲ್ಲಿ ಗಂಟು. ಪರೀಕ್ಷೆಯಾಯಿತು, ಅದೇ ಅಂತೆ. ಹೆದರಿಕೆಗೆ ಅನ್ನ ಸೇರುತ್ತಿಲ್ಲ. ಮುಚ್ಚಿಡಬೇಡಿ ಎಂದು ಊರೂರು ತಿರುಗಿದವಳು ಅವ್ವನಿಗೇ ಇನ್ನೂ ಹೇಳಿಲ್ಲ. ಹೇಳುತ್ತೇನೆ. ಹುಡುಗಿಯರಿಗೂ ಹೇಳುತ್ತೇನೆ. ಕೈ ಏಳದಿದ್ದರೆ ಬಾಯಲ್ಲಿ ಹೇಳಿಯಾದರೂ ಕಲಿಸುತ್ತೇನೆ. ನಿನ್ನ ಹತ್ತಿರ ಬರಬೇಕು ಅಂತ ನನಗೂ ಎಷ್ಟೋ ಸಲ ಅನಿಸಿದ್ದಿದೆ. ಆದರೆ ಆ ಇಬ್ಬರು ಕಲಿಯುವ ತನಕ ನನ್ನನ್ನು ಕರೆಯಬೇಡ.